ಕಿವಿಗೆ ಬಣ್ಣ ಇರಬೇಕು

...ಅಲ್ಲ ಪುಟ್ಟಿ, ಹಾಗಲ್ಲ! ನಾಯೀನ ನೋಡಬೇಡ. ಕನ್ನಡೀಲಿ ನೋಡು. ಕನ್ನಡಿ ಒಳಗಿರೋ ನಾಯೀನ ನೋಡು. ಎಷ್ಟು ಸಲ ಹೇಳ್ಲಿ? ಮೇಜಿನ ಮೇಲಿರೋದು ನಮ್ಮ ನಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು, ಅದರ ತಪ್ಪು ನಮ್ಮ ಕಣ್ಣಿಗೆ ಬೀಳಲ್ಲ. ಕನ್ನಡೀಲಿರೋದು ಪರರ ನಾಯಿ. ಅಲ್ಲಿ ಎಲ್ಲಾ ಕಾಣುತ್ತೆ... ಹೂಂ, ಹಾಗೆ. ಬಾಗಿಲ ಹತ್ತಿರ ಸ್ಟೂಲ್ ಇದೆ ನೋಡು, ಅದರ ಮೇಲೇ ಕೂತ್ಕೋ. ಅಲ್ಲಿಂದ ಪೂರ್ತಿ ಕಾಣುತ್ತೆ. ಕಣ್ಣು ಮಾತ್ರ ಕನ್ನಡಿಯಿಂದ ಕೀಳಬೇಡ.

ಮಗು ಮಲಗ್ತಾ? ಹೆಗಲ ಮೇಲೇ? ಮಲಗಲಿ ಬಿಡು. ಈ ಸೆಕೇಲಿ ಟೋಪಿ ಯಾಕಮ್ಮಾ ಅದಕ್ಕೆ... ಸರಿ ಸರಿ, ನಿನ್ನ ಮಗು, ನಿನ್ನ ಟೋಪಿ. ನಾನ್ಯಾರು ಕೇಳೋಕೆ.

ಆ ಕಾಗದ ಅಲ್ಲಾಡಿಸಬೇಡ. ನೋಡಿದೀನಿ. ಬರೀತೀನಿ ಅಂದೆನಲ್ಲ! ನಿನ್ನ ಬಸ್ಸಿರೋದು ನಾಲ್ಕಕ್ಕೆ, ಈಗಿನ್ನೂ ಎರಡೂವರೆ. ನಾಳೆ ಬೆಳಗ್ಗೆ ಡಾಕ್ಟರ ಕೈಗೆ ಕೊಡಬೇಕು, ಗೊತ್ತು. ನಾಳೆ ಬೆಳಗ್ಗೆ ನನಗೂ ನಾಯಿ ಷೋ ಇದೆ. ಈ ದೊರೆಸಾನಿಯ ಉಗುರು ಕತ್ತರಿಸಿಲ್ಲ, ಬಾಲದ ಕೂದಲು ಬಾಚಿಲ್ಲ...

ಏನು? ಬಾಯಿ ಕಾಣಲಿಲ್ಲವಾ? ಬ್ರಷ್ ಅಡ್ಡ ಬಂತು. ಈಗ ಕಾಣುತ್ತಾ? ತುಟಿ ನೋಡು. ಮೊದ-ಲು ನಾ-ಯಿ. ಆ-ಮೇ-ಲೆ ಕಾ-ಗ-ದ... ಯಾಕೆ ನಗ್ತೀಯ? ಇಪ್ಪತ್ತೆಂಟು ವರ್ಷದಿಂದ ಅಪ್ಪನ ತುಟಿ ಓದ್ತಿದೀನಿ, ಇನ್ನೂ ಎಳೆದೆಳೆದು ಮಾತಾಡ್ತಾನಲ್ಲ ಅಂತಾನಾ? ನಿಮ್ಮಮ್ಮನೂ ಅದನ್ನೇ ಹೇಳ್ತಿದ್ದಳು. ಎಳೆದ್ರೆ ತುಟಿ ಕೆಡುತ್ತೆ, ಮಗೂಗೆ ಅರ್ಥ ಆಗಲ್ಲ, ಮಾಮೂಲಿಯಾಗಿ ಮಾತಾಡಿ ಅಂತ. ಅವಳಿಗೆ ನಿನ್ನ ಜೊತೆ ಮಾತಾಡೋಕೆ ಬರ್ತಿತ್ತು. ನನಗೆ ಬರೋದು ನಾಯಿ ಜೊತೆ.

ಸರಿ, ಬಾ, ಕಲಿ. ನಾಳೆ ನಾನು ಹೋದ ಮೇಲೆ ಈ ನಾಯಿಗೂಡುಗಳೆಲ್ಲ ನಿನ್ನವೇ ತಾನೆ. ಲಕ್ಷಣ ಅಂದ್ರೆ ಏನು? ಹೇಳು. ಕೈಯಲ್ಲೇ ಹೇಳು... ಚೆಂದ? ಥೂ, ತಪ್ಪು! ಚೆಂದ ಬೀದಿ ನಾಯಿಗೂ ಇರುತ್ತೆ. ಲಕ್ಷಣ ಅಂದ್ರೆ, ಈ ನಾಯೀನ ಕಂಡ ಕೂಡಲೇ ಇದರ ಅಜ್ಜಿ ಕಾಣಬೇಕು. ಅಜ್ಜಿಯ ಅಜ್ಜಿ ಕಾಣಬೇಕು. ತಲೆ ನೋಡು, ಹಣೆಯಿಂದ ಮೂಗಿಗೆ ಇಳಿಯೋ ಗೆರೆ. ಎಲ್ಲೂ ಹಳ್ಳ ಇಲ್ಲ. ಎದೆ ಮೊಣಕೈವರೆಗೆ ಇಳಿದಿದೆ. ಹೊಟ್ಟೆ ಒಳಕ್ಕೆ ಹೋಗಿದೆ. ಬಾಲ... ನಾಯಿ ಬಾಲ ಡೊಂಕು ಅಂತಾರೆ ಜನ, ನಮ್ಮ ತಳೀಲಿ ಡೊಂಕಿದ್ರೆ ಮನೆಗೆ ವಾಪಸ್ಸು. ಮೈಯೆಲ್ಲ ಬಿಳಿ, ಒಂದು ಚುಕ್ಕೆ ಇರಬಾರದು. ಆದ್ರೆ ಕಿವಿ? ಕಿವಿಗೆ ಬಣ್ಣ ಇರಬೇಕು. ಎರಡೂ ಕಿವಿಗೆ, ಬುಡದಿಂದ. ನೋಡು, ಕಪ್ಪು ರೇಷ್ಮೆ ಹಾಗಿದೆ. ಬಿಳುಪು ಮೈಮೇಲೆ ಎಷ್ಟಾದ್ರೂ ಇರಲಿ, ಕಿವಿಗೆ ಹತ್ತಿತೋ, ಆಯ್ತು.

ಏನಾಯ್ತು ಅಂದ್ರೆ? ಆಯ್ತು ಅಷ್ಟೇ. ಕಿವಿ ಬೆಳ್ಳಗಿದ್ರೆ ಷೋಗೆ ಆಗಲ್ಲ. ಯಾಕೆ ಅಂದ್ರೆ... ನಿಯಮ! ಎಲ್ಲಾದಕ್ಕೂ ಯಾಕೆ ಯಾಕೆ ಅಂತ ಕೇಳ್ತೀಯಲ್ಲ, ಚಿಕ್ಕವಳಿದ್ದಾಗಿನ ಬುದ್ಧಿ ಇನ್ನೂ ಹೋಗಿಲ್ಲ.

ಮತ್ತೆ ಕಾಗದ! ಕೊಡು ಇಲ್ಲಿ. ಕನ್ನಡಕ ಎಲ್ಲಿ... ಹಾಂ. "ತಾಯಿಯ ಕಿವುಡುತನ. ಲಕ್ಷಣ ಮೊದಲು ಕಂಡಿದ್ದು: ಹುಟ್ಟಿನಿಂದ, ಅಥವಾ ಆನಂತರ. ಆನಂತರವಾದರೆ ಕಾರಣ." ನೋಡಿದೆಯಾ, ಡಾಕ್ಟರ ಬಾಯಲ್ಲೂ ಲಕ್ಷಣ! ನನ್ನ ಬಾಯಲ್ಲಿ ಲಕ್ಷಣ ಅಂದ್ರೆ ತಳಿ, ಅವರ ಬಾಯಲ್ಲಿ ಕಾಯಿಲೆ. ನಿಮ್ಮಮ್ಮ ನಿನ್ನ ಎತ್ಕೊಂಡು "ಎಷ್ಟು ಲಕ್ಷಣವಾಗಿದೆ ನನ್ನ ಕೂಸು" ಅಂತಿದ್ದಳು. ಒಂದೇ ಮಾತು, ಮೂರು ಅರ್ಥ.

ಇದರಲ್ಲಿ ಬರೆಯೋಕೆ ಏನಿದೆ? ಲೋಕಕ್ಕೆಲ್ಲ ಗೊತ್ತು. ಒಂದೂವರೆ ವರ್ಷದಲ್ಲಿ ಜ್ವರ ಬಂತು, ಎರಡು ದಿನ ಮೈ ಸುಟ್ಟಿತು, ಕಿವಿ ಹೋಯ್ತು. ನೀನೇ ಬರೀಬಹುದಿತ್ತಲ್ಲ... ಹೌದು, ಗೊತ್ತು, ನೋಡಿದವರು ಬರೆದು ರುಜು ಹಾಕಬೇಕು. ನಿಮ್ಮಮ್ಮ ಇಲ್ಲ. ನಾನೊಬ್ಬನೇ ಉಳಿದಿರೋದು.

ಏನದು? ನಿಧಾನ, ನಿಧಾನ ಬೆರಳು ಆಡಿಸು. ಜ್ವರದಿಂದ ಅಂದ್ರೆ... ಮಗುವಿನ ಕಿವಿ ಪರೀಕ್ಷೆಗೆ ಅವಸರ ಇಲ್ಲ, ಸರದಿ ಬರೋವರೆಗೆ ಕಾಯಬೇಕು. ಎಷ್ಟು? ಎಂಟು ತಿಂಗಳು! ಹುಟ್ಟಿನಿಂದ ಅಂದ್ರೆ ನಾಳೇನೇ ಪರೀಕ್ಷೆ ಮಾಡ್ತಾರೆ. ಬೇಗ ಗೊತ್ತಾದ್ರೆ ಮೆಷಿನ್ ಹಾಕಿ, ಮಾತು ಕಲಿಸಬಹುದು. ತಡವಾದ್ರೆ... ತಡವಾದ್ರೆ ನಿನ್ನ ಹಾಗೆ. ಹೂಂ. ಅರ್ಥ ಆಯ್ತು.

ಡಾಕ್ಟರಿಗೆ ಅನುಮಾನ ಯಾಕೆ ಬಂತಂತೆ? ನಿನ್ನ ಕೂದಲು ನೋಡಿದ್ರಾ? ಈ ಬಿಳೀ ಗೊಂಚಲು... ಅದು ಹುಟ್ಟಿನಿಂದ ಇದೆ, ಮಚ್ಚೆ ಹಾಗೆ, ಹೇಳಬೇಕಿತ್ತು ನೀನು. "ಅಪ್ಪನಿಗೂ ಇದೆಯಾ" ಅಂತ ಕೇಳಿದ್ರಾ? ನನಗೆಲ್ಲಿದೆ! ನೋಡು, ಅರವತ್ತೆಂಟು ವರ್ಷಕ್ಕೂ ಇದ್ದಿಲ ಹಾಗಿದೆ... ಯಾಕೆ ನಗ್ತೀಯ? ತಲೆ ಮುಟ್ಟಿ ನೋಡ್ಕೊಂಡೆನಾ ನಾನು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಾಯ್ತಾ? ಹೌದಮ್ಮಾ, ಬಣ್ಣ ಹಚ್ತೀನಿ. ಷೋಕಿ. ಮುದುಕನಿಗೆ ಷೋಕಿ ಇರಬಾರದಾ?

ಬರೀತೀನಿ. ಬಾಲ ಒಂದು ಬಾಚಿ ಬರೀತೀನಿ. ನೀನು ಅಲ್ಲೇ ಕೂತು ಕನ್ನಡಿ ನೋಡ್ತಾ ಇರು. ಹಿಂಗಾಲಿನ ನಿಲುವು ನೋಡು, ಕಲಿ. ನಾನು ಈ ಕಡೆ ತಿರುಗಿ ಬಾಚ್ತೀನಿ.

...ದೊರೆಸಾನೀ, ಅಲ್ಲಾಡಬೇಡ ಕಣೆ.

ಷೋಕಿಯಂತೆ. ಇಪ್ಪತ್ತೆರಡನೇ ವಯಸ್ಸಿಂದ ಹಚ್ತಿದೀನಿ ಪುಟ್ಟಿ. ಹೆಣ್ಣು ನೋಡೋಕೆ ಹೋಗೋ ಹಿಂದಿನ ದಿನ, ನನ್ನ ಬಿಳೀ ಗೊಂಚಲು ಮುಚ್ಚೋಕೆ ಶುರು ಮಾಡಿದ್ದು. ನನ್ನ ಅಕ್ಕ ಒಬ್ಬಳಿದ್ದಳು, ನಿನಗೆ ಗೊತ್ತಿಲ್ಲ. ಹಣೆ ಮೇಲೆ ಇಷ್ಟು ಬಿಳೀ ಕೂದಲು, ನಿನ್ನದೇ ಥರ. ಕಿವಿ ಕೇಳ್ತಿರಲಿಲ್ಲ. ಜನ ಅವಳನ್ನ ಪೆದ್ದಿ ಅಂತಿದ್ರು. ಹಿತ್ತಲಲ್ಲೇ ಬೆಳೆದು ಹಿತ್ತಲಲ್ಲೇ ಹೋದಳು... ನಿನಗೆ ಬೆನ್ನು ಹಾಕಿ ಮಾತಾಡೋದು ನನಗೆ ಹಳೇ ಅಭ್ಯಾಸ. ಎದುರಿಗೆ ನಿಂತು ಎರಡು ಮಾತು, ತಿರುಗಿ ನಿಂತು ಹತ್ತು ಮಾತು. ನೀನು ಹಿಂದೆ ಇರ್ತೀಯ, ನಿನಗೆ ಕೇಳಿಸಲ್ಲ. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು.

ಏನು? ಯಾರು ತಟ್ಟಿದ್ದು ಬೆನ್ನ ಮೇಲೆ... ಓ, ನೀನಾ! ಎದ್ದು ಯಾಕೆ ಬಂದೆ? ಹೆದರಿಸ್ತೀಯಲ್ಲ. ಏನು ಬೇಕು? ಆ ತಟ್ಟೆನಾ? ಗೋಡೆ ಮೊಳೆಗೆ ಯಾವಾಗಿಂದಲೋ ತೂಗಾಡ್ತಿದೆ, ಅದನ್ನ ಇವತ್ತು ಯಾಕೆ ಕೇಳ್ತೀಯ? ಹೇಳಿದ್ದೆನಲ್ಲ ಚಿಕ್ಕವಳಿದ್ದಾಗ. ಅದು ಮರಿಗಳನ್ನ ಊಟಕ್ಕೆ ಕರೆಯೋ ತಟ್ಟೆ. ಸೌಟಲ್ಲಿ ಬಾರಿಸ್ತಿದ್ದೆ, ಮರಿಗಳೆಲ್ಲ ಒಟ್ಟಿಗೆ ತಿರುಗ್ತಿದ್ವು. ನೀನು ಚಪ್ಪಾಳೆ ತಟ್ಟಿ ನಗ್ತಿದ್ದೆ. ಅಪ್ಪ ಏನೋ ಮಾಯ ಮಾಡ್ತಾನೆ, ಬೆನ್ನ ಹಿಂದೆ ನಿಂತ್ರೂ ಮರಿಗಳಿಗೆ ಗೊತ್ತಾಗುತ್ತೆ ಅಂತ... ಹೋಗು, ಕೂತ್ಕೋ. ಅಷ್ಟೇ ಅದು. ಊಟದ ತಟ್ಟೆ.

ಕೂತಳು. ದೇವರೇ, ಯಾಕೆ ಇವತ್ತೇ ಎಲ್ಲಾ ಕೇಳ್ತಾಳೆ ಇವಳು.

ಊಟಕ್ಕಲ್ಲ ಪುಟ್ಟಿ. ಕಿವಿಗೆ. ಬಿಳುಪು ಜಾಸ್ತಿಯಾದ ಕಡೆ ಕಿವುಡು ಬರುತ್ತೆ, ತಳಿ ಮಾಡೋರಿಗೆಲ್ಲ ಗೊತ್ತು. ನಾವು ಬಿಳುಪು ಬಿಳುಪು ಅಂತ ಹಿಂದೆ ಬಿದ್ವಿ, ಕಪ್ ಬಂತು, ಮೆಡಲ್ ಬಂತು, ಅದರ ಜೊತೆ ಇದೂ ಬಂತು. ಅದಕ್ಕೇ ಕಿವಿಗೆ ಬಣ್ಣ ಇರಬೇಕು ಅನ್ನೋದು. ಮರಿಗೆ ಐದು ವಾರ ಆದಾಗ ಹಿಂದೆ ನಿಂತು ತಟ್ಟೆ ಬಾರಿಸಬೇಕು. ನೆಲಕ್ಕೆ ಬಡಿಯಬಾರದು. ನೆಲ ನಡುಗಿದ್ರೆ ಕಿವುಡು ಮರೀನೂ ತಿರುಗುತ್ತೆ. ಗಾಳೀಲಿ ಹಿಡಿದು ಬಾರಿಸಬೇಕು. ಏಳು ತಿರುಗುತ್ತೆ. ಒಂದು ಹಾಗೇ ಕೂತಿರುತ್ತೆ, ತನ್ನ ಕಾಲು ನೆಕ್ಕೊಂಡು. ನಾನು ಬೆರಳು ತೋರಿಸಿ "ಇದು ಬೇಡ" ಅಂತಿದ್ದೆ. ಮಧ್ಯಾಹ್ನ ದನದ ಡಾಕ್ಟರು ಬರೋರು, ಸೂಜಿ ಚುಚ್ಚಿ ಹೋಗೋರು. ಸಂಜೆ ನೀನು ಗೂಡಿನ ಮುಂದೆ ಕೂತು ಬೆರಳು ಮಡಚ್ತಿದ್ದೆ. ಎಂಟಿತ್ತು. ಏಳಿದೆ. ಒಂದೆಲ್ಲಿ? ದೂರದ ಊರಿನವರು ತಗೊಂಡು ಹೋದ್ರು ಅಂತ ಕೈ ಮಾಡಿ ತೋರಿಸ್ತಿದ್ದೆ. ನೀನು ರಸ್ತೆ ಕಡೆ ನೋಡಿ ಟಾಟಾ ಮಾಡ್ತಿದ್ದೆ...

ಈ ಬಾಲದಲ್ಲಿ ಗಂಟಾಗಿದೆ. ತಾಳು ದೊರೆಸಾನಿ.

ನಿನಗೆ ನಾಲ್ಕು ತಿಂಗಳು. ನಿಮ್ಮಮ್ಮ ಬಟ್ಟೆ ಒಗೀತಿದ್ದಳು, ಹಿತ್ತಲಲ್ಲಿ. ನಿನ್ನ ಹಣೆ ಮೇಲೆ ಬಿಳೀ ಎಳೆ ಕಾಣೋಕೆ ಶುರುವಾಗಿತ್ತು. ಅವಳಿಗೆ ಅದು ಚೆಂದ, "ಬೆಳ್ಳಿ ಬೊಟ್ಟು" ಅಂತ ಮುತ್ತು ಕೊಡೋಳು. ನನಗೆ ಅಕ್ಕನ ಮುಖ ಕಾಣೋದು. ತಡ್ಕೊಳ್ಳೋಕೆ ಆಗಲಿಲ್ಲ. ಇದೇ ರೂಮಿಗೆ ಎತ್ಕೊಂಡು ಬಂದೆ. ಕಂಬಳಿ ಮಡಚಿ ಹಾಸಿ ಕೂರಿಸಿ, ದಿಂಬು ಒರಗಿಸಿದೆ. ನೀನು ಗೋಡೆ ಕಡೆ ನೋಡ್ತಿದ್ದೆ. ನಾನು ಹಿಂದೆ ನಿಂತೆ. ತಟ್ಟೆ ತಗೊಂಡೆ.

ಮೂರು ಸಲ ಬಾರಿಸಿದೆ. ಹೊರಗೆ ನಾಯಿಗಳೆಲ್ಲ ಎದ್ದು ಬೊಗಳಿದ್ವು. ಹಿತ್ತಲಿಂದ ನಿಮ್ಮಮ್ಮ "ಏನ್ರೀ ಅದು ಸದ್ದು" ಅಂತ ಕೂಗಿದಳು. ನೀನು ನಿನ್ನ ಕಾಲಿನ ಹೆಬ್ಬೆರಳು ಹಿಡ್ಕೊಂಡು ಆಡ್ತಿದ್ದೆ.

ಆಗ ನನ್ನ ಬಾಯಿಂದ ಏನು ಬಂತು ಗೊತ್ತಾ? ಅಭ್ಯಾಸ ಪುಟ್ಟಿ, ಬಾಯಿ ಅಭ್ಯಾಸ, ಮನಸ್ಸಿಂದ ಬಂದದ್ದಲ್ಲ... ಮನಸ್ಸಿಂದಲೇ ಬಂತೋ ಏನೋ. "ಇದು ಬೇಡ" ಅಂದೆ. ನನ್ನ ಮಗಳಿಗೆ. ಜೋರಾಗೇ ಅಂದೆ. ಆಮೇಲೆ ಎತ್ಕೊಂಡು ಅತ್ತೆ, ಅದು ಬೇರೆ ಮಾತು. ಅಂದ ಮಾತು ಅಂದ ಹಾಗೇ ಇದೆ. ಈಗಲೂ ಬೆಳಗ್ಗೆ ಹಲ್ಲುಜ್ಜೋವಾಗ ಆ ತಟ್ಟೆ ಸದ್ದು ಕೇಳುತ್ತೆ. ಬೆನ್ನ ಹಿಂದಿಂದ. ತಿರುಗಲೇಬೇಕು ಅನ್ಸುತ್ತೆ, ತಿರುಗೋಕೆ ಹೆದರಿಕೆ. ಯಾವ ಮರಿ ಕೂತಿರುತ್ತೋ ಅಂತ.

ಹೇಳಲಿಲ್ಲ ನಾನು. ಯಾರಿಗೂ. ನಿಮ್ಮಮ್ಮ ಕಾಲು ಕುಟ್ಟಿ ಕರೆಯೋಳು, ಹಲಗೆ ನೆಲ, ನಡುಗೋದು, ನೀನು ತಿರುಗ್ತಿದ್ದೆ. "ನೋಡಿ, ನೋಡಿ, ಹೇಗೆ ತಿರುಗ್ತಾಳೆ" ಅಂತ ಅವಳಿಗೆ ಹಿಗ್ಗು. ನನಗೆ ಗೊತ್ತಿತ್ತಲ್ಲ, ನೆಲದ ವಿಷಯ! ಬಾಯಿ ಮುಚ್ಕೊಂಡು ನಕ್ಕೆ. ತಳಿ ಮಾಡೋನ ಮಗಳಿಗೆ ತಳೀಲೇ ದೋಷ ಅಂತ ಜನ ಆಡ್ಕೋತಾರೆ ಅಂತ. ಬಣ್ಣ ಹಚ್ಚಿ ಮದುವೆಯಾದೆ ಅಂತ ಅವಳಿಗೆ ಗೊತ್ತಾಗುತ್ತೆ ಅಂತ. ಇವತ್ತು ಹೇಳೋಣ, ನಾಳೆ ಹೇಳೋಣ... ಅಷ್ಟರಲ್ಲಿ ಜ್ವರ ಬಂತು. ನನ್ನ ಪುಣ್ಯಕ್ಕೆ ಬಂತು ಅಂದ್ಕೊಂಡೆ, ನನ್ನ ನಾಲಿಗೆ ಬಿದ್ದುಹೋಗ.

ಆ ದಿನ ವ್ಯಾನು ನನ್ನ ಹತ್ರ ಇತ್ತು, ಷೋಗೆ ತಗೊಂಡು ಹೋಗಿದ್ದೆ. ನಾನು ಬರಲಿ ಅಂತ ಅವಳು ಒಂದು ದಿನ ಕಾದಳು, ಹಣೆಗೆ ಒದ್ದೆ ಬಟ್ಟೆ ಹಾಕ್ಕೊಂಡು. ಜ್ವರ ಇಳೀತು. ಆಮೇಲೊಂದು ದಿನ ಅವಳಿಗೆ ಗೊತ್ತಾಯ್ತು, ನಿನಗೆ ಕೇಳಿಸ್ತಿಲ್ಲ ಅಂತ. "ನಾನು ಕಾಯಬಾರದಿತ್ತು, ಎತ್ಕೊಂಡು ಓಡಬೇಕಿತ್ತು" ಅಂತ ಎದೆ ಎದೆ ಬಡ್ಕೊಂಡಳು. ನಾನು ಅಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಜೋಗುಳ ಹಾಡೋ ಹೆಂಗಸು, ಆವತ್ತಿನಿಂದ ಹಾಡಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಜನ ಅಂದ್ರೂ ತಲೆ ತಗ್ಗಿಸೋಳು. ತಂದೆಯಂತೆ ಮಗಳು ಅಂತ ಯಾರೂ ಅನ್ನಲಿಲ್ಲ.

ಕೊನೇ ವಾರ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೇಳಿದಳು. "ಒಂದು ದಿನ ಮೊದಲೇ ಹೋಗಿದ್ರೆ ಅವಳಿಗೆ ಕೇಳಿಸ್ತಿತ್ತಾ?" ನೀನು ಆಚೆ ಕೂತಿದ್ದೆ, ಗಾಜಿನ ಬಾಗಿಲ ಆಚೆ. ಆಗಾದ್ರೂ ಹೇಳಬಹುದಿತ್ತು ನಾನು. ಏನಂದೆ ಗೊತ್ತಾ? "ಬಿಡು, ಆದದ್ದು ಆಯ್ತು" ಅಂದೆ. ನಾನು ಅವಳನ್ನ ಕ್ಷಮಿಸಿದ ಹಾಗೆ! ಅವಳು ಕಣ್ಣೊರೆಸಿಕೊಂಡು "ನೀವು ದೊಡ್ಡವರು" ಅಂದಳು. ಅದೇ ತಲೇಲಿ ಇಟ್ಕೊಂಡು ಹೋದಳು.

ಈಗ ಬಾಲ ಆಯ್ತು. ಕಾಗದದಲ್ಲಿ "ಜ್ವರ" ಅಂತ ಬರೆದುಬಿಡ್ತೀನಿ. ಬರೆದ್ರೆ... ಮಗೂಗೆ ಐದು ತಿಂಗಳು, ಇನ್ನೆಂಟು ತಿಂಗಳು ಕಾಯಬೇಕು. ಬರೀದಿದ್ರೆ ನಿನಗೆ ಗೊತ್ತಾಗುತ್ತೆ. ಟೋಪಿ ಕೆಳಗೆ ಏನಿದೆ ಅಂತ ನಾನು ಕೇಳಲ್ಲ. ಕೇಳಲ್ಲಪ್ಪಾ.

ತಲೆ ಎತ್ತು ದೊರೆಸಾನಿ. ಎತ್ತು ನೋಡೋಣ. ಎಲ್ಲಿ ನೋಡ್ತಿದೀಯ? ಕನ್ನಡೀಲಿ ಏನಿದೆ ಅಂತ ಹಾಗೆ ದಿಟ್ಟಿಸ್ತೀಯ... ನಿನ್ನ ಹಿಂದೆ ಪುಟ್ಟಿ ಕೂತಿದಾಳೆ, ಅಷ್ಟೇ, ಪುಟ್ಟಿ...

ಪುಟ್ಟಿ.

ನೀನು ನಾಯೀನ ನೋಡ್ತಿಲ್ಲ.

ಹಿಂಗಾಲು ನೋಡು ಅಂದಿದ್ದೆನಲ್ಲ ನಾನು! ನಿಲುವು ನೋಡು ಅಂದಿದ್ದೆ... ಎಷ್ಟು ಹೊತ್ತಿಂದ? ಕನ್ನಡೀಲಿ ನನ್ನ ತುಟಿ ಎಷ್ಟು ಹೊತ್ತಿಂದ ನೋಡ್ತಿದೀಯ? ಅಕ್ಕನ ವಿಷಯದಿಂದ? ಅದಕ್ಕೇ ಎದ್ದು ಬಂದು ತಟ್ಟೆ ಕೇಳಿದೆಯಾ? ಗೋಡೆಗೂ ಕಿವಿ ಇರುತ್ತೆ ಅಂತಾರೆ. ಈ ಗೋಡೆಗೆ ಕನ್ನಡಿ ಇತ್ತು. ನಾನೇ ಅಲ್ಲವಾ ಹೇಳಿದ್ದು, ಕಣ್ಣು ಕೀಳಬೇಡ ಅಂತ...

ಅಳಬೇಡ. ಅಳ್ತಿಲ್ಲ ನೀನು. ಅತ್ತಿದ್ರೆ ಚೆನ್ನಾಗಿತ್ತು. ಏನಾದ್ರೂ ಹೇಳು. ಕೈ ಎತ್ತು, ಬೆರಳು ಆಡಿಸು, ಬೈಯಿ. ಹೊಡಿ ಬೇಕಾದ್ರೆ! ಹಾಗೆ ಕೈ ಮಡಿಲಲ್ಲಿ ಇಟ್ಕೊಂಡು ಕೂರಬೇಡ, ನಿನ್ನ ಕೈ ಸುಮ್ಮನಿದ್ದದ್ದು ನಾನು ಯಾವತ್ತೂ ನೋಡಿಲ್ಲ. ನಿಮ್ಮಮ್ಮನಿಗೆ ನಾನು... ಹೇಳಬೇಕು ಅಂತಲೇ ಇದ್ದೆ ಕಣೆ.

ಎಲ್ಲಿಗೆ ಎದ್ದೆ? ಅದನ್ನ ಮುಟ್ಟಬೇಡ. ಮೊಳೆಯಿಂದ ತೆಗೀಬೇಡ ಪುಟ್ಟಿ, ಬೇಡ... ನನ್ನ ಕೈಗೆ ಯಾಕೆ ಕೊಡ್ತೀಯ? ಸೌಟೂ... ಮಗುವಿನ ಟೋಪಿ ಯಾಕೆ ತೆಗೀತೀಯ?

ಅಯ್ಯೋ. ಬೆಳ್ಳಿ ಬೊಟ್ಟು.

ಇಲ್ಲ. ನನ್ನ ಕೈಯಲ್ಲಿ ಆಗಲ್ಲ. ಬೇರೆ ಯಾರಾದ್ರೂ ಮಾಡಲಿ, ಡಾಕ್ಟರು ಮಾಡಲಿ. ತಿರುಗಬೇಡ! ನನಗೆ ಬೆನ್ನು ಹಾಕಿ ನಿಲ್ಲಬೇಡ ಕಣೆ, ನಾನು ಹೇಳೋದು ನಿನಗೆ... ನಿಂತಳು. ಬಾಗಿಲ ಕಡೆ ಮುಖ ಮಾಡಿ ನಿಂತುಬಿಟ್ಟಳು. ಕನ್ನಡಿಗೂ ಸಿಗದ ಹಾಗೆ. ಮಗುವಿನ ಮುಖ ಹೆಗಲ ಮೇಲೆ, ನನ್ನ ಕಡೆ. ನಿದ್ದೆ ಮಾಡ್ತಿದೆ.

ಸರಿ. ಬಾರಿಸ್ತೀನಿ. ಗಾಳೀಲೇ ಹಿಡಿದಿದೀನಿ. ನೆಲ ನಡುಗಲ್ಲ.

...ದೊರೆಸಾನಿ ಕಿವಿ ಎತ್ತಿದಳು. ಮಗು ಅಲ್ಲಾಡಲಿಲ್ಲ. ಅಲ್ಲಾಡಲಿಲ್ಲ ಪುಟ್ಟಿ. ಮೆಲ್ಲಗೆ ಬಾರಿಸಿದೆ, ಅದಕ್ಕೇ ಇರಬೇಕು. ತಾಳು, ಇನ್ನೊಂದು ಸಲ. ಈ ಸಲ ಜೋರಾಗಿ.

ಬೆಚ್ಚಿತು! ಕಣ್ಣು ಬಿಡ್ತು! ಇನ್ನೊಂದು ಸಲ, ಈ ಕಡೆಯಿಂದ... ತಿರುಗಿತು ಕಣೆ! ತಟ್ಟೆ ಕಡೆಗೇ ತಿರುಗಿತು, ನೋಡು, ನನ್ನನ್ನೇ ನೋಡ್ತಿದೆ! ಕೇಳಿಸುತ್ತೆ ಇದಕ್ಕೆ! ಪುಟ್ಟೀ, ಕೇಳಿಸುತ್ತೆ! ನಿನ್ನ ಹೆಗಲಿಗೆ ಗೊತ್ತಾಗಿರಬೇಕಲ್ಲ, ಅದು ಬೆಚ್ಚಿದ್ದು? ತಿರುಗು. ಕಾಗದ ಸ್ಟೂಲ್ ಮೇಲೇ ಬಿಟ್ಟಿದೀಯ, ಬರೀತೀನಿ ನೋಡು, "ಹುಟ್ಟಿನಿಂದ" ಅಂತ ಬರೀತೀನಿ, ಬರೆದೆ, ರುಜೂನೂ ಹಾಕಿದೆ. ಕಾಗದ ತಗೋ. ಎಲ್ಲಿಗೆ ಹೋಗ್ತೀಯ? ನಾಲ್ಕಾಗಿಲ್ಲ ಇನ್ನೂ! ಪುಟ್ಟಿ, ಒಂದು ಸಲ ತಿರುಗು, ನನ್ನ ಬಾಯಿ ನೋಡು...

ಮಗು ನೋಡ್ತಾನೇ ಇದೆ. ನಾಯೀನೂ ನೋಡ್ತಿದೆ.

ಪುಟ್ಟೀ!